ಮೊದಲು ಹಿಕ್ಕೆ ನೋಡಿ, ಪಾಷಾಣದ ಮಾತು ಆಮೇಲೆ

ಮುಂಗಾರಿನ ಮೊದಲ ಮಳೆಗೆ ಒಮ್ಮೆ, ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರಿದ ಮೇಲೆ ಇನ್ನೊಮ್ಮೆ, ಇಲಿ ಪ್ರಶ್ನೆಗಳು ತಪ್ಪದೆ ಬರುತ್ತವೆ. ಬಹುಪಾಲು ಒಂದೇ ಸಾಲು: ‘ಮನ್ಯಾಗ ಇಲಿ ಭಾಳ ಆಗ್ಯಾವ, ಛಲೋ ಔಷಧ ಹೇಳ್ರಿ.’ ಯಾವ ಇಲಿ, ಎಲ್ಲಿ ಓಡಾಡುತ್ತದೆ, ಏನು ಕಡಿದಿದೆ, ಒಂದೂ ಬರೆದಿರುವುದಿಲ್ಲ. ಔಷಧದ ಹೆಸರು ಮಾತ್ರ ಬೇಕು. ಅಂಥ ಪ್ರಶ್ನೆಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕಾಳು ಡಬ್ಬಿಯಲ್ಲಿಡಿ, ರಾತ್ರಿ ಮುಸುರೆ ಬಿಡಬೇಡಿ ಎಂದೂ ಹೇಳುವುದಿಲ್ಲ. ಅದು ನಿಮಗೆ ಗೊತ್ತಿದೆ, ಮಾಡುವುದಿಲ್ಲ, ಅಷ್ಟೇ. ಈ ಸಲ ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ, ಏಕೆಂದರೆ ಕೇಳಿದವರು ಕನಿಷ್ಠ ಬಗ್ಗಿ ನೋಡಿ ಬರೆದಿದ್ದಾರೆ. ಉಳಿದವಕ್ಕೆ ಆಮೇಲೆ ಚುಟುಕು ಉತ್ತರ.

ಪ್ರಶ್ನೆ: ನಮ್ಮದು ಕಲಬುರಗಿ ಬ್ರಹ್ಮಪುರದಾಗ ಹಳೇ ಮನಿ. ಅಡಗಿಮನಿ ಗ್ವಾಡಿ ಮಾಡದಾಗ ದಿನಾ ಮುಂಜಾನಿ ಕರೀ ಹಿಕ್ಕಿ ಬಿದ್ದಿರ್ತಾವ. ಜೀರಗಿಯಷ್ಟ ಅವ, ಎರಡೂ ತುದಿ ಚೂಪ. ತೊಗರಿ ಬ್ಯಾಳಿ ಚೀಲಕ್ಕ ಸಣ್ಣ ತೂತ ಬಿದ್ದದ. ಅತ್ತೆಯವರು ಇಲಿ ಮರಿ ಹಾಕ್ಯಾದ ಅಂತಾರ, ನಮ್ಮನಿಯವರು ಚಿಟ್ಟಿಲಿ ಅಂತಾರ. ಮರಿ ಇದ್ರ ತಾಯಿನೂ ಇರಬೇಕಲ್ರಿ? ಹ್ಯಾಂಗ ಗುರ್ತು ಹಿಡೀಬೇಕು?

ಉತ್ತರ: ನಿಮ್ಮ ಯಜಮಾನರ ಮಾತು ಸರಿ. ಅತ್ತೆಯವರು ಬೇಜಾರು ಮಾಡಿಕೊಳ್ಳದಿರಲಿ, ಈ ತಪ್ಪು ಇಡೀ ಜಿಲ್ಲೆಯದು.

ಚಿಟ್ಟಿಲಿ ಎಂದರೆ ಇಲಿಯ ಮರಿ ಅಲ್ಲ. ಎಷ್ಟು ದಿನ ಸಾಕಿದರೂ ಅದು ಬೆಳೆದು ದೊಡ್ಡ ಇಲಿ ಆಗುವುದಿಲ್ಲ. ಪೂರ್ತಿ ಬೆಳೆದ ಚಿಟ್ಟಿಲಿಯ ತೂಕ ಹೆಚ್ಚೆಂದರೆ 25ರಿಂದ 30 ಗ್ರಾಂ. ನಮ್ಮ ಜಂತಿ, ಪತ್ರಾಗಳ ಮೇಲೆ ಓಡಾಡುವ ಕರಿ ಇಲಿ 150ರಿಂದ 200 ಗ್ರಾಂ ತೂಗುತ್ತದೆ. ದೊಡ್ಡ ಹೆಗ್ಗಣ ಒಂದು ಕಿಲೋ ಸಮೀಪ ಹೋಗುತ್ತದೆ. ಇವು ಬೇರೆ ಬೇರೆ ಪ್ರಾಣಿಗಳು. ವಾಸ ಬೇರೆ, ಊಟದ ರೀತಿ ಬೇರೆ, ಹೆದರಿಕೆಯೂ ಬೇರೆ. ಹಾಗಾಗಿ ಒಂದಕ್ಕೆ ಇಟ್ಟ ಬೋನಿಗೆ ಇನ್ನೊಂದು ಬೀಳುವುದಿಲ್ಲ. ‘ಏನಿಟ್ಟರೂ ಹೋಗುತ್ತಿಲ್ಲ’ ಎಂಬ ಗೋಳಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಮರಿ ಇಲಿಯೋ ಚಿಟ್ಟಿಲಿಯೋ ಎಂಬ ಸಂಶಯ ಪ್ರಾಣಿ ಕಣ್ಣಿಗೆ ಬಿದ್ದರೆ ಅರೆಕ್ಷಣದಲ್ಲಿ ತೀರುತ್ತದೆ. ಇಲಿಮರಿಯ ತಲೆ ಮತ್ತು ಹಿಂಗಾಲಿನ ಪಾದ ಮೈಗೆ ಒಪ್ಪದಷ್ಟು ದೊಡ್ಡವು, ಬಾಲ ಬುಡದಲ್ಲಿ ದಪ್ಪ. ಚಿಟ್ಟಿಲಿಯ ತಲೆ, ಪಾದ ಎರಡೂ ಪುಟ್ಟವು, ಕಿವಿ ಮಾತ್ರ ಮುಖಕ್ಕಿಂತ ಎದ್ದು ಕಾಣುತ್ತವೆ, ಬಾಲ ದಾರದ ಹಾಗೆ ಸಣ್ಣ. ಆದರೆ ಇವು ನಿಮ್ಮ ಎದುರು ನಿಂತು ತೋರಿಸಿಕೊಳ್ಳುವುದಿಲ್ಲವಲ್ಲ, ಆದ್ದರಿಂದ ಹಿಕ್ಕೆಯನ್ನೇ ಓದಬೇಕು.

ಚಿಟ್ಟಿಲಿಯ ಹಿಕ್ಕೆ 3ರಿಂದ 6 ಮಿಲಿಮೀಟರ್, ತುದಿ ಚೂಪು. ಒಂದೇ ಪ್ರಾಣಿ ದಿನಕ್ಕೆ 50ಕ್ಕೂ ಹೆಚ್ಚು ಉದುರಿಸುತ್ತದೆ, ಓಡಾಡಿದ ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುತ್ತದೆ. ಆದ್ದರಿಂದ ಹಿಕ್ಕೆ ರಾಶಿ ಕಂಡು ‘ಹಿಂಡೇ ಅದ’ ಎಂದು ಗಾಬರಿಯಾಗಬೇಡಿ. ಕರಿ ಇಲಿಯ ಹಿಕ್ಕೆ ಸುಮಾರು 12 ಮಿಲಿಮೀಟರ್, ತುಸು ಬಾಗಿರುತ್ತದೆ. ಹೆಗ್ಗಣದ್ದು ಇನ್ನೂ ದಪ್ಪ, ಸಿಗುವುದು ಮಾಡದಲ್ಲಲ್ಲ, ಬಚ್ಚಲ ಮೋರಿ ಮತ್ತು ಗೋಡೆ ಬುಡದ ಬಿಲದ ಸುತ್ತ. ಇನ್ನು ಅತ್ತೆಯವರ ವಾದಕ್ಕೆ ಉತ್ತರ: ಇಲಿಮರಿ ಗೂಡು ಬಿಟ್ಟು ಮಾಡದ ತನಕ ಬರುವಷ್ಟಾದರೆ ತಾಯಿಯೂ ಅದೇ ದಾರಿಯಲ್ಲಿ ಓಡಾಡುತ್ತಿರುತ್ತದೆ. ಆಗ ಸಣ್ಣದು, ದೊಡ್ಡದು ಎರಡೂ ಬೆರೆತು ಬಿದ್ದಿರಬೇಕು. ನಿಮ್ಮಲ್ಲಿ ಎಲ್ಲ ಒಂದೇ ಅಳತೆ. ಅಂದರೆ ತಾಯಿ ಇಲ್ಲ, ಮರಿಯೂ ಇಲ್ಲ, ಇರುವುದು ಬೆಳೆದ ಚಿಟ್ಟಿಲಿಯೇ.

ನನಗೆ ಬರುವ ಫೋಟೋಗಳಲ್ಲಿ ಎಷ್ಟೋ ಇಲಿಯದ್ದೇ ಅಲ್ಲ. ಹಿಕ್ಕೆಯ ಒಂದು ತುದಿಗೆ ಸುಣ್ಣ ತಾಗಿದಂತೆ ಬಿಳಿ ಚುಕ್ಕೆ ಇದ್ದರೆ ಅದು ಹಲ್ಲಿ. ಸೂರಿನ ಕೆಳಗೆ ಒಂದೇ ಜಾಗದಲ್ಲಿ ಬಿದ್ದು, ಕಾಗದದ ಮೇಲಿಟ್ಟು ಒತ್ತಿದರೆ ಪುಡಿಯಾಗಿ ಹುಳದ ರೆಕ್ಕೆಚೂರು ಮಿನುಗಿದರೆ ಬಾವಲಿ. ಬೀದರಿನ ಹಳೆ ಊರಿನ ಮನೆಗಳಲ್ಲಿ ಬಾವಲಿ ಹಿಕ್ಕೆಗೆ ಇಲಿ ಪಾಷಾಣ ಇಟ್ಟು ಕೂತವರಿದ್ದಾರೆ.

ಹಿಕ್ಕೆ ಹೊಸತೋ ಹಳತೋ ಎಂಬುದಕ್ಕೆ ಪುಸ್ತಕದಲ್ಲಿ ‘ಮೆತ್ತಗೆ, ಹೊಳಪು ಇದ್ದರೆ ಹೊಸತು’ ಎಂದಿರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ರಾತ್ರಿ ಬಿದ್ದದ್ದು ಮಧ್ಯಾಹ್ನಕ್ಕೆ ಕಲ್ಲಾಗುತ್ತದೆ, ಆ ಗುರುತು ಇಲ್ಲಿ ನಡೆಯುವುದಿಲ್ಲ. ಇದ್ದದ್ದನ್ನೆಲ್ಲ ತೆಗೆದು ಮರುದಿನ ಮುಂಜಾನೆ ನೋಡುವುದೇ ದಾರಿ. ತೆಗೆಯುವಾಗ ಒಣ ಕಸಬರಿಗೆಯಿಂದ ಗುಡಿಸಿ ಧೂಳೆಬ್ಬಿಸಬೇಡಿ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗೆ ಪ್ಲಾಸ್ಟಿಕ್ ಹಾಕಿಕೊಂಡು ಕಾಗದದಿಂದ ಬಳಿಯಿರಿ.

ಇನ್ನೂ ಅನುಮಾನವಿದ್ದರೆ ರಾತ್ರಿ ಮಲಗುವಾಗ ಗೋಡೆ ಬುಡದಲ್ಲಿ, ಮಾಡದ ಅಂಚಿನಲ್ಲಿ ರಂಗೋಲಿ ಪುಡಿಯನ್ನು ತೆಳ್ಳಗೆ ಅಂಗೈಯಗಲ ಸವರಿಡಿ. ಗೋಧಿ ಹಿಟ್ಟು ಬೇಡ, ಅದನ್ನು ತಿಂದು ಹೋಗುತ್ತವೆ. ಮುಂಜಾನೆ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ನೋಡಿ. ಹಿಂಗಾಲಿನ ಗುರುತು 2 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಚಿಟ್ಟಿಲಿ, 3 ಸೆಂಟಿಮೀಟರು ದಾಟಿದರೆ ಇಲಿ. ನಡುವೆ ಬಾಲ ಎಳೆದ ಗೆರೆಯೂ ಸಿಗಬಹುದು. ಫರ್ಸಿ ಕಲ್ಲಿನ ನೆಲದ ಮೇಲೆ ಬಿಳಿ ಪುಡಿ ಬಹಳ ಚೆನ್ನಾಗಿ ಹೇಳುತ್ತದೆ. ಅಂಗಡಿಯವರು ಮಾರುವ ನೀಲಿ ದೀಪದ ಟಾರ್ಚಿಗೆ ದುಡ್ಡು ಹಾಕಬೇಡಿ. ಇಲಿಯ ಉಚ್ಚೆ ಅದರಲ್ಲಿ ಹೊಳೆಯುವುದು ನಿಜ, ಸಾಬೂನಿನ ಕಲೆಯೂ ಹೊಳೆಯುತ್ತದೆ.

ಕರಿ ಇಲಿ ದಿನವೂ ಒಂದೇ ದಾರಿ ಹಿಡಿಯುತ್ತದೆ. ಮೈಯ ಜಿಡ್ಡು ಉಜ್ಜಿ ಉಜ್ಜಿ ಸುಣ್ಣದ ಗೋಡೆ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಜಂತಿ ಗೋಡೆಗೆ ಸೇರುವಲ್ಲಿ, ಅದರ ಕೆಳಗಿನಿಂದ ನುಸುಳಿ ದಾಟುವ ಜಾಗದಲ್ಲಿ ಅರೆಚಂದ್ರದಂಥ ಕಪ್ಪು ಕಲೆ ಕಂಡರೆ ಬೇರೆ ಸಾಕ್ಷಿ ಬೇಡ. ಚಿಟ್ಟಿಲಿಯೂ ಕಲೆ ಬಿಡುತ್ತದೆ, ಹುಡುಕಿದರೆ ಮಾತ್ರ ಕಾಣುವಷ್ಟು. ಅದರ ಬದಲು ಮೂಗಿಗೆ ಸಿಗುತ್ತದೆ. ಮುಚ್ಚಿದ ಕಪಾಟು ತೆರೆದಾಗ ಬರುವ ಹಳಸಲು ಉಚ್ಚೆಯ ಘಾಟು ಚಿಟ್ಟಿಲಿಯದ್ದು.

ಚೀಲದ ತೂತನ್ನೂ ನೋಡಿ. ಚಿಟ್ಟಿಲಿ ಕೂತು ಉಣ್ಣುವ ಪ್ರಾಣಿಯಲ್ಲ. ಇಲ್ಲಿಷ್ಟು ಅಲ್ಲಿಷ್ಟು, ಒಂದೇ ರಾತ್ರಿಯಲ್ಲಿ ಇಪ್ಪತ್ತು ಮೂವತ್ತು ಕಡೆ ಕಚ್ಚಿ ಬಿಡುತ್ತದೆ. ದಿನಕ್ಕೆ ಅದು ತಿನ್ನುವುದು ಮೂರು ನಾಲ್ಕು ಗ್ರಾಂ ಅಷ್ಟೇ, ಹಾಳು ಮಾಡುವುದು ಅದರ ಎಷ್ಟೋ ಪಟ್ಟು. ಹೀಗಾಗಿ ಚೀಲಕ್ಕೆ ಹಲವು ಸಣ್ಣ ತೂತು, ಕೆಳಗೆ ಬೇಳೆಯ ನುಚ್ಚು. ಇಲಿಯಾದರೆ ಒಂದೇ ದೊಡ್ಡ ತೂತು, ಬೇಳೆ ಸುರಿದು ನೆಲ ತುಂಬಿರುತ್ತದೆ. ಹಲ್ಲಿನ ಗುರುತು ಸಾಬೂನಿನ ಮೇಲೆ ಸ್ಪಷ್ಟ ಮೂಡುತ್ತದೆ. ಜೋಡಿ ಗೀರು 1ರಿಂದ 2 ಮಿಲಿಮೀಟರ್ ಅಗಲವಿದ್ದರೆ ಚಿಟ್ಟಿಲಿ, 3ರಿಂದ 4 ಇದ್ದರೆ ಇಲಿ.

ಇನ್ನೊಂದು ವಿಷಯ ನಮ್ಮ ಬಿಸಿಲು ನಾಡಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಇಲಿಗೆ ದಿನವೂ ನೀರು ಬೇಕು. ಚಿಟ್ಟಿಲಿ ಒಣ ಕಾಳಿನಲ್ಲಿರುವ ತೇವದಲ್ಲೇ ದಿನ ದೂಡಬಲ್ಲದು. ಬೇಸಿಗೆಯಲ್ಲಿ ಕೂಲರಿನ ತೊಟ್ಟಿ, ಸೋರುವ ನಳ, ಬಚ್ಚಲು, ಇವುಗಳ ಸುತ್ತಲೇ ಗುರುತು ಕಂಡರೆ ಇಲಿಯೆಂದೇ ಹಿಡಿಯಿರಿ. ನೀರಿನ ಹನಿ ಇಲ್ಲದ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕಾಟವಿದ್ದರೆ ಅದು ಚಿಟ್ಟಿಲಿ. ಕೂಲರ್ ಕೂಡಿಸಲು ಕಿಟಕಿ ಗಾಜು ತೆಗೆದು, ಸುತ್ತ ರಟ್ಟು ತುರುಕಿ ಬಿಟ್ಟಿರುತ್ತೀರಲ್ಲ, ಎರಡೂ ಒಳಗೆ ಬರುವುದು ಅಲ್ಲಿಂದಲೇ. ಚಳಿಗಾಲದಲ್ಲಿ ಕೂಲರ್ ಬಿಚ್ಚದೆ ಬಿಟ್ಟರೆ ಅದರ ಹುಲ್ಲಿನಲ್ಲಿ ಬಾಣಂತನವೂ ಆಗುತ್ತದೆ.

ಈಗ ಉಪಾಯ. ಚಿಟ್ಟಿಲಿಗೆ ಹೊಸ ವಸ್ತುವಿನ ಮೇಲೆ ಕುತೂಹಲ, ಇಟ್ಟ ರಾತ್ರಿಯೇ ಬೋನು ಮೂಸಿ ನೋಡುತ್ತದೆ. ಆದರೆ ಅದು ಗೂಡಿನಿಂದ ದೂರ ಹೋಗುವುದಿಲ್ಲ, ಹತ್ತು ಮೀಟರು ಬಹಳವಾಯಿತು. ಹಾಗಾಗಿ ಒಂದು ಬೋನು ಸಾಲದು. ಸಣ್ಣ ಸ್ಪ್ರಿಂಗ್ ಬೋನು ನಾಲ್ಕಾರು ತಂದು, ಎರಡು ಮೀಟರಿಗೊಂದರಂತೆ ಗೋಡೆಗೆ ತಾಗಿಸಿ ಇಡಿ. ಗಂಜ್ ಪೇಟೆಯಲ್ಲಿ ಸಿಗುವ ದೊಡ್ಡ ತಂತಿ ಬೋನು ಬೇಡ, ತಿಂಡಿ ತಿಂದು ತಂತಿಯ ಸಂದಿನಿಂದಲೇ ಹೊರಗೆ ಬರುತ್ತದೆ. ಶೇಂಗಾ ಬೆಲ್ಲ ಕುಟ್ಟಿದ ಉಂಡೆ ಕಡಲೆ ಗಾತ್ರದ್ದು ಸಾಕು, ಭಜಿ ಇಟ್ಟು ಸತ್ಕಾರ ಮಾಡಬೇಕಿಲ್ಲ. ಪೆನ್ಸಿಲ್ ತೂರುವ ಸಂದಿನಲ್ಲಿ ಚಿಟ್ಟಿಲಿ ತೂರುತ್ತದೆ. ಅಂಥ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕಿ ಮೇಲೆ ಸಿಮೆಂಟ್ ಹಾಕಿ. ಬರೀ ಫೋಮ್ ಆದರೆ ಕಡಿದು ಹಾಕುತ್ತದೆ. ಇಲ್ಲಿಗೆ ನಿಮ್ಮ ಮನೆಯ ಕೆಲಸ ಮುಗಿಯಿತು. ಪಾಷಾಣದ ಅಗತ್ಯವೇ ಇಲ್ಲ.

ಕರಿ ಇಲಿಯದ್ದು ತಿರುವುಮುರುವು. ಹೊಸದೇನು ಕಂಡರೂ ಅದು ಸುತ್ತು ಹಾಕಿ ಹೋಗುತ್ತದೆ. ಬೋನನ್ನು ಸಜ್ಜು ಮಾಡದೆ, ಬಾಗಿಲು ಕಟ್ಟಿಟ್ಟು, ನಾಲ್ಕೈದು ದಿನ ಬರೀ ತಿಂಡಿ ಇಡಿ. ಒಣ ಕೊಬ್ಬರಿ ಚಲೋ. ಅದು ನಂಬಿ ತಿನ್ನಲು ಶುರು ಮಾಡಿದ ಮೇಲೆ ಸಜ್ಜು ಮಾಡಿ. ನಮ್ಮವರಿಗೆ ಆ ತಾಳ್ಮೆ ಇಲ್ಲ. ಮೊದಲ ರಾತ್ರಿ ಬೀಳದಿದ್ದರೆ ಮರುದಿನ ಅಂಗಡಿಗೆ ಹೋಗಿ ಪುಡಿ ತರುತ್ತಾರೆ.

ಮೊಬೈಲಿನಲ್ಲಿ ‘ನಾರ್ವೆ ಇಲಿ’ಯ ಲಕ್ಷಣ ಓದಿ ನನಗೆ ಪಾಠ ಹೇಳುವವರಿಗೆ ಒಂದು ಮಾತು: ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಬಂದರಿನ ಊರುಗಳ, ಮಹಾನಗರಗಳ ಚರಂಡಿಯ ಪ್ರಾಣಿ. ನಿಮ್ಮ ಹಿತ್ತಿಲಲ್ಲಿ ಮಣ್ಣು ಕೆದರಿದ್ದು ಹೆಗ್ಗಣ.

ಪ್ರಶ್ನೆ (ಶಹಾಪುರ): ಗೋಡೆ ಬುಡಕ್ಕ ದೊಡ್ಡ ಬಿಲ, ಮುಂದ ಮಣ್ಣಿನ ಗುಡ್ಡಿ. ಮುಚ್ಚಿದ್ರ ಮತ್ತ ತೆಗೀತದ. ಇಲಿನೋ ಹಾವೋ?

ಹಾವು ಬಿಲ ತೋಡುವುದಿಲ್ಲ, ತೋಡಿದ್ದರಲ್ಲಿ ಸೇರಿಕೊಳ್ಳುತ್ತದೆ. ಬಿಲದ ಬಾಯಿಯಲ್ಲಿ ಸಡಿಲ ಮಣ್ಣಿನ ಗುಡ್ಡೆ, ಕೆಲವೊಮ್ಮೆ ಬಾಯಿಯನ್ನೇ ಮಣ್ಣಿನಿಂದ ಮುಚ್ಚಿಕೊಂಡಿರುವುದು, ಇವು ಸಣ್ಣ ಹೆಗ್ಗಣದ ಗುರುತು. ನಾರಾಯಣಪುರ ಕಾಲುವೆ ನೀರಿನ ಭತ್ತದ ಬದುಗಳಲ್ಲಿ ನೀವು ನೋಡುವುದೂ ಇದನ್ನೇ. ಕೊಯ್ಲಾದ ಮೇಲೆ ಕಾಳು ಇರುವ ಕಡೆ ಬರುತ್ತದೆ. ಕಾಳನ್ನು ಬಿಲದೊಳಗೆ ಹೊತ್ತು ಕೂಡಿಡುವ ಚಟವೂ ಇದಕ್ಕಿದೆ. ಸಂಜೆ ಎಲ್ಲ ಬಾಯಿ ಮುಚ್ಚಿ, ಮುಂಜಾನೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಜೀವವಿದೆ. ಕೈ ಹಾಕಬೇಡಿ, ಮಕ್ಕಳನ್ನು ಬಿಡಬೇಡಿ. ಮಳೆಗಾಲದಲ್ಲಿ ಆ ಬಿಲದಲ್ಲಿ ನಾಗರ ಇದ್ದರೆ ಆಶ್ಚರ್ಯವಿಲ್ಲ. ಹೆಗ್ಗಣ ಹೋದ ಮೇಲೆ ಇಟ್ಟಿಗೆ ಚೂರು, ಗಾರೆ ತುಂಬಿ ಮುಚ್ಚಿ, ಮೋರಿ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ.

ಪ್ರಶ್ನೆ (ಹುಮನಾಬಾದ): ಮೂತಿ ಉದ್ದ ಇದ್ದ ಇಲಿ, ನಾತ ಭಾಳ, ಚಿಟ್ ಚಿಟ್ ಅಂತದ. ಇಲಿ ಪಾಷಾಣದ ಯಾವ ಕೇಕ್ ಇಟ್ರೂ ತಿನ್ನವಲ್ದು.

ತಿನ್ನುವುದಿಲ್ಲ. ಅದು ಸುಂಡಿಲಿ, ನಿಮ್ಮ ಓಣಿಯಲ್ಲಿ ಚಚುಂದರ್ ಅನ್ನುವುದು ಅದನ್ನೇ. ಇಲಿಯ ಜಾತಿಯೇ ಅಲ್ಲ, ಜಿರಳೆ ಹುಳ ತಿಂದು ಬದುಕುವ ಪ್ರಾಣಿ. ಬಚ್ಚಲ ಬಾಗಿಲ ಕೆಳಗಿನ ಸಂದು ಮುಚ್ಚಿ, ಅದರ ಪಾಡಿಗೆ ಬಿಡಿ.

ಪ್ರಶ್ನೆ (ಸೇಡಂ): ಇಲಿ ಎದುರಿಗೆ ಔಷಧದ ಹೆಸರು ತೆಗೀಬಾರದು, ಅದಕ್ಕ ತಿಳೀತದ ಅಂತಾರ. ಖರೇ ಏನ್ರಿ?

ಇಲಿಗೆ ಕನ್ನಡ ಬರುವುದಿಲ್ಲ. ಜಿಂಕ್ ಫಾಸ್ಫೈಡಿನ ಕಪ್ಪು ಪುಡಿ ಸ್ವಲ್ಪ ತಿಂದು ಸಾಯದೆ ಉಳಿದ ಇಲಿ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. ನೀವು ಪಿಸುಗುಟ್ಟಿದರೂ ಅಷ್ಟೇ.

ಪ್ರಶ್ನೆ (ಭಾಲ್ಕಿ): ಪ್ಲಗ್ಗಿಗೆ ಹಾಕುವ ಶಬ್ದದ ಯಂತ್ರ? ಡಾಂಬರ ಗುಳಿಗೆ? ಪುದೀನಾ ಎಣ್ಣೆ?

ಇಲ್ಲ. ಇಲ್ಲ. ಇಲ್ಲ. ಡಾಂಬರ ಗುಳಿಗೆಯನ್ನು ಕೂಸು ಬಾಯಿಗೆ ಹಾಕಿಕೊಂಡರೆ ರಕ್ತ ಒಡೆಯುವ ಅಪಾಯ ಬೇರೆ.

ಪ್ರಶ್ನೆ (ಆಳಂದ): ಹಗಲೊತ್ತು ಮಾಳಿಗಿ ಮ್ಯಾಲ ಓಡ್ತಾವ.

ಹಗಲು ಓಡುವುದು ಅಳಿಲು.

ಪ್ರಶ್ನೆ (ಬಸವಕಲ್ಯಾಣ): ಔಷಧ ಇಡದಿದ್ರೂ ಓಣ್ಯಾಗ ಇಲಿ ಸತ್ತು ಬೀಳ್ಲಿಕತ್ಯಾವ. ಸಂತಸ ಪಡಬೇಕೋ ಹೆದರಬೇಕೋ?

ಮೊದಲು ನೆರೆಯವರು ಯಾರೂ ಪಾಷಾಣ ಇಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಇಟ್ಟಿಲ್ಲವಾದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತಿಳಿಸಿ, ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಲೇಗಿನ ಮೊದಲ ಸೂಚನೆ ಇಲಿ ಬೀಳುವುದು. ಹಳೆಯ ಕಾಲದ ಮಾತು ಎನ್ನಬೇಡಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಿಮ್ಮ ಮನೆಯ ಹಿರಿಯರಿಗೆ ನೆನಪಿದೆ. ಮರುವರ್ಷ ಆಗಸ್ಟಿನಲ್ಲಿ, ಲಾತೂರಿನ ಆಚೆಯ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗು ಕಾಣಿಸಿಕೊಂಡಿತು. ಜನ ಮನೆ ಬಿಟ್ಟು ಹೋದರು, ಬಿದ್ದ ಮನೆಗಳಲ್ಲಿ ಕಾಳು ಉಳಿಯಿತು, ಇಲಿ ಬೆಳೆದವು ಎಂಬುದು ಆಗ ತಜ್ಞರು ಕೊಟ್ಟ ವಿವರಣೆ. ಈಗ ಅದಕ್ಕೆ ಔಷಧವಿದೆ, ಬೇಗ ತಿಳಿದರೆ. ಇಲಿ ಜ್ವರದ ವಿಷಯವೂ ಹೀಗೆಯೇ: ಮಳೆನೀರು ನಿಂತ ಓಣಿಯಲ್ಲಿ ಕಾಲಿಗೆ ಗಾಯವಿದ್ದು ಬರಿಗಾಲಲ್ಲಿ ನಡೆದು, ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ವೈದ್ಯರಿಗೆ ನೀರಿನಲ್ಲಿ ನಡೆದದ್ದನ್ನೂ ಹೇಳಿ.

ಪ್ರಶ್ನೆ (ಕಲಬುರಗಿ, ಶಹಾಬಜಾರ): ಬೇಳೆ ಗೋದಾಮಿನ್ಯಾಗ ಇಡುವ ಗುಳಿಗಿ ಒಬ್ರು ತಂದು ಕೊಡ್ತೀನಂದಾರ. ಒಂದು ಖೋಲಿಯಾಗಿಟ್ಟು ಬಾಗಲ ಹಾಕಿದ್ರ ಸಾಕಂತ. ಇಡಬಹುದಾ?

ಇಡಬಾರದು. ಈ ಪ್ರಶ್ನೆ ಬರುವುದು ನಿಲ್ಲುವ ತನಕ ಇದೇ ಉತ್ತರ ಬರೆಯುತ್ತಿರುತ್ತೇನೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಆ ಗಾಳಿ ಬಾಗಿಲ ಕೆಳಗಿನಿಂದ, ಗೋಡೆ ಬಿರುಕಿನಿಂದ ಪಕ್ಕದ ಖೋಲಿಗೆ, ಪಕ್ಕದ ಮನೆಗೆ ಹೋಗುತ್ತದೆ. ಇಲಿ ಸಾಯುವ ಮುಂಚೆ ನೆಲದ ಮೇಲೆ ಮಲಗಿದ ಮಕ್ಕಳು ಸಾಯುತ್ತಾರೆ. ದೇಶದಲ್ಲಿ ಇಂಥ ಸಾವುಗಳು ಮತ್ತೆ ಮತ್ತೆ ಆಗಿವೆ. ಇದಕ್ಕೆ ಪ್ರತಿವಿಷ ಇಲ್ಲ. ತರಬೇತಿ ಪಡೆದವರ ಕೈಯಲ್ಲಿ ಬಿಟ್ಟು ಬೇರೆಯವರಿಗೆ ಮಾರಲು ಕಾನೂನಿನಲ್ಲಿ ಅವಕಾಶವೂ ಇಲ್ಲ. ‘ನಾ ಎಷ್ಟೋ ಮನಿಗೆ ಇಟ್ಟೀನಿ’ ಎನ್ನುವ ಆ ಮನುಷ್ಯನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ.

ಸಂತೆಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾರುವ ಹೆಸರಿಲ್ಲದ ಪುಡಿ, ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು, ಇವೆರಡನ್ನೂ ಮನೆಗೆ ತರಬೇಡಿ. ಪೇಸ್ಟು ತಿಂದವರು ಮೊದಲ ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ, ಆಮೇಲೆ ಯಕೃತ್ತು ಕೈಕೊಡುತ್ತದೆ. ಬೋನಿನಿಂದ ಆಗದೆ ಪಾಷಾಣ ಇಡಲೇಬೇಕಾದರೆ ಬ್ರೊಮಾಡಿಯೊಲೋನ್ 0.005% ಕೇಕ್, ಅದೂ ಮುಚ್ಚಿದ ಡಬ್ಬಿಗೆ ಇಲಿ ತೂರುವಷ್ಟೇ ತೂತು ಮಾಡಿ, ಒಳಗೆ ತಂತಿಯಿಂದ ಕಟ್ಟಿ. ಇಲಿ ಸಾಯಲು ಕೆಲವು ದಿನ ಬೇಕು. ‘ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ’ ಎಂಬುದು ಅಂಗಡಿಯವನ ಮಾತು. ಅದು ನಿಮ್ಮ ಅಟ್ಟದಲ್ಲೇ ಸಾಯಬಹುದು, ವಾರಗಟ್ಟಲೆ ನಾರಬಹುದು. ಗಮ್ ಪ್ಯಾಡ್ ಬಗ್ಗೆ ಕೇಳಿದವರಿಗೆ: ಅಂಟಿಕೊಂಡು ಎರಡು ದಿನ ಚೀರುವ ಪ್ರಾಣಿಯನ್ನು ಏನು ಮಾಡುತ್ತೀರಿ ಎಂದು ಮೊದಲೇ ಯೋಚಿಸಿರುವುದಿಲ್ಲ, ಆಮೇಲೆ ನನಗೆ ಫೋನು.

ಪ್ರಶ್ನೆ (ಯಾದಗಿರಿ): ಮೊಮ್ಮಗ ಕೇಕಿನ ತುಣುಕು ಬಾಯಾಗ ಹಾಕ್ಕೊಂಡಿದ್ದ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ವಿ. ಈಗ ಆಡ್ಕೋತ ಅದಾನ. ಮತ್ತೇನರ ಮಾಡಬೇಕಾ?

ಓದುತ್ತಿರುವ ಈ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಆಡುತ್ತಿದ್ದಾನೆ ಎಂಬುದು ಸಮಾಧಾನದ ಮಾತಲ್ಲ, ಕೇಕಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದು ಎರಡು ಮೂರು ದಿನಗಳ ಮೇಲೆ. ಉಪ್ಪುನೀರು ಮಗುವಿಗೆ ಇನ್ನೊಂದು ವಿಷ, ವಾಂತಿ ಮಾಡಿಸಲೇಬಾರದಿತ್ತು. ಕೇಕ್ ಬ್ರೊಮಾಡಿಯೊಲೋನ್ ಆಗಿದ್ದರೆ ವಿಟಮಿನ್ ಕೆ1 ಎಂಬ ಪ್ರತಿವಿಷ ಇದೆ, ರಕ್ತ ಪರೀಕ್ಷೆ ನೋಡಿ ವೈದ್ಯರು ಕೊಡುತ್ತಾರೆ. ಅದು ಯಾವ ವಿಷ ಎಂದು ಅವರಿಗೆ ಗೊತ್ತಾಗಬೇಕು, ಆದ್ದರಿಂದ ಕೇಕಿನ ಹೊದಿಕೆಯನ್ನು ಜೊತೆಗೆ ಒಯ್ಯಿರಿ. ಹೊದಿಕೆ ಬಿಸಾಕಿದ್ದರೆ, ನೀವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮನೆಯ ಇನ್ನೊಬ್ಬರು ಅದೇ ಅಂಗಡಿಗೆ ಹೋಗಿ ಅದೇ ಕೇಕಿನ ಇನ್ನೊಂದು ಪ್ಯಾಕೆಟ್ ತರಲಿ.